ಒಂದು ವಾಟಿನ ಪೆಟ್ಟಿಗೆ: ಮರ್ಫಿ ಟೌನ್‌ನಿಂದ ಒಂದು ಸ್ಟಿರಿಯೋ ಆಂಪ್ಲಿಫೈಯರ್ ಚರಿತ್ರೆ

1/9

ಮೊದಲೇ ಒಂದು ವಿಷಯ ಕ್ಲಿಯರ್ ಮಾಡಿಬಿಡ್ತೀನಿ. ಮರ್ಫಿ ಟೌನ್‌ಗೂ ಮರ್ಫಿ ರೇಡಿಯೋಗೂ ಯಾವ ಸಂಬಂಧನೂ ಇಲ್ಲ. ಏಳನೇ ಕ್ಲಾಸಿನ ತನಕ ನಾನು ಇದೆ ಅಂತಲೇ ನಂಬಿದ್ದೆ, ಫ್ರೆಂಡ್ಸ್ ಹತ್ರ ಹೇಳಿಕೊಂಡು ಬೀಗಿದ್ದೂ ಉಂಟು. ನಮ್ಮ ಏರಿಯಾದ ಹಳೇ ಹೆಸರು ನಾಕ್ಸ್‌ಪೇಟೆ. ಬಡವರಿಗೆ ಅಂತ ಕಟ್ಟಿದ ಮಾದರಿ ಮನೆಗಳ ಬಡಾವಣೆ. ಕಂಟೋನ್ಮೆಂಟ್ ಬ್ರಿಟಿಷರ ಕೈಲಿದ್ದಾಗ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿಗೆ ಎಂಜಿನಿಯರ್ ಆಗಿದ್ದ ಡಬ್ಲ್ಯೂ.ಎಚ್. ಮರ್ಫಿ ಅವರ ಹೆಸರು ಆಮೇಲೆ ಬಂತು. ರೇಡಿಯೋ ಮರ್ಫಿ ಬೇರೆಯವರು. ಫ್ರ್ಯಾಂಕ್ ಮರ್ಫಿ ಅನ್ನೋರು ಇ.ಜೆ. ಪವರ್ ಜೊತೆ ಸೇರಿ 1929ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಶುರು ಮಾಡಿದ ಕಂಪನಿ ಅದು. ತುಟಿಗೆ ಬೆರಳಿಟ್ಟ ಮಗುವಿನ ಚಿತ್ರ ನಿಮ್ಮ ಅಜ್ಜಿ ಮನೆಯಲ್ಲಿ ನೋಡಿರ್ತೀರಿ, ಅದೇ ಕಂಪನಿದು.

ಆದ್ರೆ ನಮ್ಮನೇಲಿ ಒಂದು ಪೆಟ್ಟಿಗೆ ಇದೆ (ಮೊದಲ ಫೋಟೋ). ಎರಡು ಕಾಸ್ಟ್ ಅಕೌಂಟಿಂಗ್ ಟೆಕ್ಸ್ಟ್‌ಬುಕ್ ಒಂದರ ಮೇಲೊಂದು ಇಟ್ಟಷ್ಟೇ ಗಾತ್ರ. ಅಲ್ಯೂಮಿನಿಯಂ ತಗಡು, ಎರಡೂ ಪಕ್ಕಕ್ಕೆ ಮರದ ಹಲಗೆ, ಮುಂದೆ ಮೂರು ನಾಬ್, ಒಂದು ಕೆಂಪು ಲೈಟು. ಕಂಪನಿ ಹೆಸರು ಎಲ್ಲೂ ಇಲ್ಲ. ಯಾಕಂದ್ರೆ ಕಂಪನಿ ನಮ್ಮ ತಾತ. 1974ರಲ್ಲಿ ಇದೇ ಮನೆಯ ಹಿಂದಿನ ರೂಮಲ್ಲಿ ಕೂತು ಮಾಡಿದ್ದು.

ಗೌರಿ ಹಬ್ಬಕ್ಕೆ ಮುಂಚೆ ಮನೆಗೆ ಪೇಂಟ್ ಮಾಡಿಸಬೇಕು, ಅಟ್ಟ ಖಾಲಿ ಆಗ್ಬೇಕು ಅಂತ ಅಮ್ಮ ಹಠ ಹಿಡಿದ್ರು. ಗುಜರಿ ಅಣ್ಣ ಬಂದು ಪೆಟ್ಟಿಗೆ ಎತ್ತಿ ನೋಡಿ 180 ರೂಪಾಯಿ ಅಂದ. ಅದೂ ಆಂಪ್ಲಿಫೈಯರ್‌ಗೆ ಅಲ್ಲ, ಒಳಗಿರೋ ಟ್ರಾನ್ಸ್‌ಫಾರ್ಮರ್ ತಾಮ್ರಕ್ಕೆ. ತಾತ ಏನೂ ಮಾತಾಡಲಿಲ್ಲ. ನಾನು ಒಂದು ತಿಂಗಳು ಟೈಮ್ ಕೇಳಿದೆ. ಈ ಸರಣಿ ಆ ಒಂದು ತಿಂಗಳದ್ದು.

2/9

ಪೆಟ್ಟಿಗೆ ಬಿಚ್ಚಿದಾಗ ಮೊದಲು ಕಂಡಿದ್ದು ಧೂಳು. ಎರಡನೆಯದು, ಹೆಸರುಬೇಳೆ ಡಬ್ಬಿಯ ಪುಟಾಣಿ ಮಾಡೆಲ್ ಥರ ಇರೋ ಲೋಹದ ಟ್ರಾನ್ಸಿಸ್ಟರ್‌ಗಳು. ಮೈಮೇಲೆ ಸಣ್ಣಕ್ಷರದಲ್ಲಿ 'ಬಿಇಎಲ್' ಅಂತ.

ಬಿಇಎಲ್ ಅಂದ್ರೆ ನಮಗೆಲ್ಲ ಈಗ ರಾಡಾರು, ಮಿಸೈಲು, ವೋಟಿಂಗ್ ಮೆಷಿನ್ನು, ಷೇರು. (ಬಿಕಾಂ ಓದೋರಿಗೆ ಷೇರು ಮೊದಲು, ಮಿಸೈಲು ಆಮೇಲೆ.) ಆದ್ರೆ 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದಾಗ ದೇಶದಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನ ಮಾಡೋರು ಅಂತ ಇದ್ದಿದ್ದೇ ಬೆರಳೆಣಿಕೆ. 1956ರಲ್ಲಿ ಸಂಪರ್ಕ ಉಪಕರಣಗಳ ತಯಾರಿಕೆ ಶುರುವಾಯ್ತು. 1961ರಲ್ಲಿ ರೇಡಿಯೋಗೆ ಬೇಕಾದ ವಾಲ್ವ್, 1962ರಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್, 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರ್. ಈ ಇಸವಿಗಳನ್ನ ಒಂದ್ಸಲ ಮತ್ತೆ ನೋಡಿ. ವಾಲ್ವ್ ಬಂದ ಮರುವರ್ಷವೇ ಟ್ರಾನ್ಸಿಸ್ಟರ್. ಹಳೇ ತಂತ್ರಜ್ಞಾನ, ಅದನ್ನ ಮೂಲೆಗೆ ತಳ್ಳೋ ಹೊಸ ತಂತ್ರಜ್ಞಾನ ಎರಡೂ ಒಂದೇ ಊರಲ್ಲಿ, ಒಂದೇ ಕಂಪನಿಯಲ್ಲಿ, ಒಂದೇ ವರ್ಷದ ಅಂತರದಲ್ಲಿ ಹುಟ್ಟಿದವು.

ಇದ್ರಿಂದ ನಮ್ಮ ಬೀದಿಗೆ ಏನಾಯ್ತು? ವಾಲ್ವ್ ಆಂಪ್ಲಿಫೈಯರ್ ಅಂದ್ರೆ ನೂರಾರು ವೋಲ್ಟ್, ಕಾದ ಗಾಜು, ಪ್ರತಿ ಚಾನೆಲ್‌ಗೂ ಒಂದು ತೂಕದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಮನೇಲಿ ಮಕ್ಕಳಿದ್ರೆ ಮುಟ್ಟೋಕೆ ಬಿಡೋ ಸಾಮಾನಲ್ಲ. ಟ್ರಾನ್ಸಿಸ್ಟರ್‌ಗೆ 9 ವೋಲ್ಟ್ ಸಾಕು. ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ಬಂದ ಒಬ್ಬ ಮನುಷ್ಯ ಅಡುಗೆಮನೆ ಪಕ್ಕದ ರೂಮಲ್ಲಿ ಕೂತು ಧೈರ್ಯವಾಗಿ ಕೈಯಾಡಿಸಬಹುದಾದ ವೋಲ್ಟೇಜು. ಅಷ್ಟೊತ್ತಿಗೆ ಆ ಟ್ರಾನ್ಸಿಸ್ಟರ್ ಹದಿನೈದು ಕಿಲೋಮೀಟರ್ ಆಚೆ ತಯಾರಾಗ್ತಿತ್ತು. ತಾತನ ಪೆಟ್ಟಿಗೆ ಚಿಕ್ಕದಾಗಿದ್ದಕ್ಕೆ ಕಾರಣ ಇಷ್ಟೇ, ಫ್ಯಾಷನ್ ಅಲ್ಲ.

3/9

ಈ ಪೋಸ್ಟ್ ಸ್ವಲ್ಪ ಟೆಕ್ನಿಕಲ್. ಬಿಟ್ಟು ಮುಂದಕ್ಕೆ ಹೋಗ್ಬೇಡಿ, ನಾನೂ ಕಾಮರ್ಸ್‌ನವಳೇ, ನನಗೇ ಅರ್ಥ ಆಯ್ತು.

ಒಳಗಿರೋದು ಎಸಿ127 ಮತ್ತು ಎಸಿ128 ಅನ್ನೋ ಜೋಡಿ. ಒಂದು ಎನ್‌ಪಿಎನ್, ಇನ್ನೊಂದು ಪಿಎನ್‌ಪಿ. ಸಂಗೀತದ ಅಲೆ ಮೇಲಕ್ಕೆ ಹೋದಾಗ ಒಬ್ಬ ತಳ್ತಾನೆ, ಕೆಳಕ್ಕೆ ಬಂದಾಗ ಇನ್ನೊಬ್ಬ ಎಳೀತಾನೆ. ಸ್ಪೀಕರಿನ ಕೋನ್ ಹಂಗೆ ಹಿಂದೆ ಮುಂದೆ ಆಡುತ್ತೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಡ. ಈ ದಾರಿ ತೋರಿಸಿದೋರಲ್ಲಿ ಆರ್‌ಸಿಎ ಕಂಪನಿಯಲ್ಲಿದ್ದ ಎಚ್.ಸಿ. ಲಿನ್ ಮುಖ್ಯ. 1956ರಲ್ಲಿ ಅವರು ಪ್ರಕಟಿಸಿದ ಸರ್ಕ್ಯೂಟಿನ ಮೈಕಟ್ಟು ಇವತ್ತಿನ ಎಷ್ಟೋ ಆಂಪ್ಲಿಫೈಯರ್‌ಗಳಲ್ಲೂ ಇದೆ.

ಪಲ್ಲಕ್ಕಿ ಹೊರೋರನ್ನ ನೋಡಿದ್ದೀರಲ್ಲ? ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಬದಲಾಯಿಸುವಾಗ ಒಂದು ಕ್ಷಣ ಪಲ್ಲಕ್ಕಿ ಕುಲುಕುತ್ತೆ. ಆಂಪ್ಲಿಫೈಯರಲ್ಲೂ ಹಂಗೇ. ಒಬ್ಬ ಬಿಟ್ಟು ಇನ್ನೊಬ್ಬ ಹಿಡಿಯೋ ಜಾಗದಲ್ಲಿ, ಅಂದ್ರೆ ಅಲೆ ಸೊನ್ನೆ ದಾಟುವಾಗ, ಒಂದು ಸಣ್ಣ ಗ್ಯಾಪ್. ಅದಕ್ಕೆ ಕ್ರಾಸ್‌ಓವರ್ ಡಿಸ್ಟಾರ್ಷನ್ ಅಂತಾರೆ. ಜೋರು ಹಾಡಲ್ಲಿ ಗೊತ್ತೇ ಆಗಲ್ಲ. ಮೆಲ್ಲಗಿನ ಹಾಡಲ್ಲಿ, ವೀಣೆಯ ಸ್ವರ ಕರಗ್ತಾ ಹೋಗುವಾಗ, ಮರಳು ಉಜ್ಜಿದ ಥರ ಕೇಳುತ್ತೆ. ಕಡಿಮೆ ವಾಟಿನ ಆಂಪ್ಲಿಫೈಯರ್‌ಗೆ ಇದು ದೊಡ್ಡ ತಲೆನೋವು, ಯಾಕಂದ್ರೆ ಅದು ಯಾವಾಗ್ಲೂ ಮೆಲ್ಲಗೇ ಹಾಡೋದು.

ಪರಿಹಾರ ಏನು? ಇಬ್ಬರೂ ಯಾವಾಗ್ಲೂ ಪೂರ್ತಿ ಹೊರೋದು ಒಂದು ದಾರಿ, ಅದು ಕ್ಲಾಸ್ ಎ. ಸೌಂಡ್ ಚೆನ್ನಾಗಿರುತ್ತೆ, ಆದ್ರೆ ಸುಮ್ನಿದ್ರೂ ಕಾದು ಹೆಂಚಾಗುತ್ತೆ. ಇನ್ನೊಂದು, ಬದಲಾಯಿಸೋ ಹೊತ್ತಲ್ಲಿ ಮಾತ್ರ ಇಬ್ಬರೂ ಸ್ವಲ್ಪ ಹೊತ್ತು ಜೊತೆಗೆ ಹಿಡಿಯೋದು, ಕ್ಲಾಸ್ ಎಬಿ. ಅದಕ್ಕೆ ಟ್ರಾನ್ಸಿಸ್ಟರ್‌ಗಳನ್ನ ಸದಾ ಅರ್ಧ ಎಚ್ಚರದಲ್ಲಿಡೋ ಸಣ್ಣ ವೋಲ್ಟೇಜ್ ಕೊಡ್ಬೇಕು. ಸಿಲಿಕಾನ್ ಟ್ರಾನ್ಸಿಸ್ಟರ್ ಏಳೋಕೆ 0.6ರಿಂದ 0.7 ವೋಲ್ಟ್ ಬೇಕು, ಜರ್ಮೇನಿಯಂಗೆ 0.2ರಿಂದ 0.3 ಸಾಕು. ಹಂಗಾಗಿ ಜರ್ಮೇನಿಯಂ ಪೆಟ್ಟಿಗೆಯಲ್ಲಿ ಆ ಗ್ಯಾಪು ಹುಟ್ಟಿನಿಂದಲೇ ಚಿಕ್ಕದು.

ಪುಕ್ಕಟೆ ಏನೂ ಸಿಗಲ್ಲ. ಜರ್ಮೇನಿಯಂಗೆ ಬಿಸಿ ಆಗ್ಬರಲ್ಲ. ಬಿಸಿ ಏರಿದಂಗೆ ಸೋರೋ ಕರೆಂಟ್ ಏರುತ್ತೆ, ಕರೆಂಟ್ ಏರಿದ್ರೆ ಇನ್ನೂ ಬಿಸಿ, ಕೊನೆಗೆ ಸುಟ್ಟೇ ಹೋಗುತ್ತೆ. ತಾತ ಬಿಸಿಗೆ ತಕ್ಕಂತೆ ಬದಲಾಗೋ ಒಂದು ಥರ್ಮಿಸ್ಟರನ್ನ ಆ ಡಬ್ಬಿಗಳಿಗೆ ಅಂಟಿಸಿ ದಾರದಲ್ಲಿ ಕಟ್ಟಿದ್ದಾರೆ. ಹೂ ಕಟ್ಟೋ ದಾರ. ಐವತ್ತು ವರ್ಷ ಆದ್ರೂ ಬಿಚ್ಚಿಲ್ಲ. (ಎರಡನೇ ಫೋಟೋ ಜೂಮ್ ಮಾಡಿ.)

ವಿದೇಶದಲ್ಲಿ ಗಿಟಾರ್ ನುಡಿಸೋರು ಹಳೇ ಫಝ್ ಪೆಡಲ್ ಸೌಂಡಿಗೋಸ್ಕರ ಎಸಿ128 ಹುಡುಕಿಕೊಂಡು ಅಲೀತಾರೆ. ಗುಜರಿ ಅಣ್ಣನಿಗೆ ನಾನಿದನ್ನ ಹೇಳಿಲ್ಲ.

4/9

ಸರಿ, ಸ್ಟಿರಿಯೋ ಯಾಕೆ? 1974ರಲ್ಲಿ ಆಕಾಶವಾಣಿ ಮೋನೋ. ಬೀದಿಯ ಗಣಪತಿ ಪೆಂಡಾಲಿನ ಹಾರ್ನ್ ಮೋನೋ. ಒಂದೇ ಚಾನೆಲ್ ಮಾಡಿದ್ರೆ ಅರ್ಧ ಖರ್ಚು, ಅರ್ಧ ಕೆಲಸ.

ಸ್ಟಿರಿಯೋದ ಕಥೆ ಶುರುವಾಗೋದು ಅಲನ್ ಬ್ಲಮ್‌ಲೈನ್ ಅನ್ನೋ ಇಂಗ್ಲಿಷ್ ಎಂಜಿನಿಯರಿಂದ. ಸಿನಿಮಾ ನೋಡುವಾಗ ನಟ ಪರದೆಯ ಒಂದು ತುದಿಯಲ್ಲಿದ್ರೂ ದನಿ ಇರೋ ಒಂದೇ ಸ್ಪೀಕರಿಂದ ಬರೋದು ಅವನಿಗೆ ಕಿರಿಕಿರಿ. ಡಿಸೆಂಬರ್ 1931ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಸ್ಟಿರಿಯೋ ಎಲ್‌ಪಿ ರೆಕಾರ್ಡುಗಳು ಮಾರುಕಟ್ಟೆಗೆ ಬರೋಕೆ 1958 ಆಯ್ತು. ಅಷ್ಟೊತ್ತಿಗೆ ಅವನಿಲ್ಲ, ಯುದ್ಧದ ಸಮಯದಲ್ಲಿ ರಾಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು 1942ರಲ್ಲೇ ತೀರಿಹೋಗಿದ್ದ.

ತಾತನ ಕಾರಣ ಇಷ್ಟು ದೊಡ್ಡದಲ್ಲ. ಶಿವಾಜಿನಗರದ ಗುಜರಿಯಲ್ಲಿ ಒಂದು ಹಳೇ ರೆಕಾರ್ಡ್ ಪ್ಲೇಯರ್ ಸಿಕ್ತಂತೆ. ಮೋಟಾರ್ ಕೆಟ್ಟಿತ್ತು, ಆದ್ರೆ ಸೂಜಿ ಇರೋ ಕಾರ್ಟ್ರಿಡ್ಜ್‌ಗೆ ನಾಲ್ಕು ತಂತಿ. "ನಾಲ್ಕು ತಂತಿ ಅಂದ್ರೆ ಎರಡು ಚಾನೆಲ್ಲು ಪುಟ್ಟಿ. ಎರಡು ಇದ್ಮೇಲೆ ಒಂದನ್ನ ವೇಸ್ಟ್ ಮಾಡೋದಾ?" ಅಂತ ತಾತ ನನ್ನನ್ನೇ ಕೇಳಿದ್ರು. ನಮ್ಮ ಮನೇಲಿ ಚಹಾಪುಡಿ ಗಸಿನೂ ವೇಸ್ಟ್ ಮಾಡಲ್ಲ, ತುಳಸಿ ಕುಂಡಕ್ಕೆ ಹಾಕ್ತಾರೆ. ಹಂಗಾಗಿ ಈ ತರ್ಕ ನನಗೆ ಅರ್ಥ ಆಯ್ತು.

ಆಮೇಲೆ ಕ್ಯಾಸೆಟ್ ಬಂತು, ಆ ಪೆಟ್ಟಿಗೆಯ ನಿಜವಾದ ಜೀವನ ಶುರುವಾಗಿದ್ದೇ ಆಗ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದ್ಮೇಲೆ ಭಾವಗೀತೆ ಅನ್ನೋದು ಮನೆಮನೆಯ ಸಾಮಾನಾಯ್ತು. ಕಚೇರಿಗೆ, ಸಮಾರಂಭಕ್ಕೆ ಹೋಗಿ ಕೇಳಬೇಕಿದ್ದ ಹಾಡನ್ನ ರಾತ್ರಿ ಊಟ ಆದ್ಮೇಲೆ ಮೆಲ್ಲಗೆ ಹಾಕ್ಕೊಂಡು ಕೇಳಬಹುದು. ಇಂಥ ಹಾಡಿಗೆ ಲಾರಿ ತುಂಬ ವಾಟ್ ಬೇಡ. ಮಾತು ಸ್ಪಷ್ಟ ಇರಬೇಕು, ಸದ್ದಿಲ್ಲದ ಜಾಗದಲ್ಲಿ ಸದ್ದು ಇರಬಾರದು.

ತಮಾಷೆ ನೋಡಿ, ಅದೇ 1978ರಲ್ಲಿ ನ್ಯಾಡ್ ಕಂಪನಿಯ 3020 ಅನ್ನೋ ಪುಟ್ಟ ಸ್ಟಿರಿಯೋ ಆಂಪ್ಲಿಫೈಯರ್ ಬಂತು. ಎರಿಕ್ ಎಡ್ವರ್ಡ್‌ಸನ್ ಡಿಸೈನು. ಚಾನೆಲ್‌ಗೆ ಬರೀ 20 ವಾಟ್. ಎಲ್ಲರೂ ವಾಟ್ ಏರಿಸೋ ರೇಸಲ್ಲಿದ್ದಾಗ ಇದು ಬೇರೆ ದಾರಿ ಹಿಡೀತು: ತೋರಿಕೆಗೆ ದುಡ್ಡು ಹಾಕದೆ ಪವರ್ ಸಪ್ಲೈಗೆ ಹಾಕಿದ್ರು, ಹಾಡಿನ ಮಧ್ಯೆ ಒಂದು ಕ್ಷಣ ಜಾಸ್ತಿ ಕರೆಂಟ್ ಬೇಕಾದಾಗ ಉಸಿರು ಕಟ್ಟದ ಹಂಗೆ. ಮಿತಿ ದಾಟಿದ್ರೂ ಸೌಂಡ್ ಕರ್ಕಶ ಆಗದಂತೆ ಸಾಫ್ಟ್ ಕ್ಲಿಪ್ಪಿಂಗ್ ಅನ್ನೋ ಸ್ವಿಚ್ ಇಟ್ರು. ಪ್ರಪಂಚದಾದ್ಯಂತ ಕಾಲೇಜು ಹುಡುಗರ ಮೊದಲ ಆಂಪ್ಲಿಫೈಯರ್ ಆಗಿದ್ದು ಇದೇ. ಚಿಕ್ಕದು ಅಂದ್ರೆ ಕಳಪೆ ಅಲ್ಲ ಅಂತ ಮಾರುಕಟ್ಟೆ ಒಪ್ಪಿಕೊಂಡಿದ್ದು ಇದರಿಂದ.

5/9

ಚಿಕ್ಕ ಪೆಟ್ಟಿಗೆಯ ಶತ್ರು ಯಾರು ಗೊತ್ತಾ? ಗುಂಯ್ ಅನ್ನೋ ಸದ್ದು.

ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಗುತ್ತೆ. ಟ್ರಾನ್ಸ್‌ಫಾರ್ಮರ್ ಅದನ್ನ ಇಳಿಸುವಾಗ ಸುತ್ತ ಒಂದು ಕಾಂತಕ್ಷೇತ್ರ ಚೆಲ್ಲುತ್ತೆ. ದೊಡ್ಡ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಒಂದು ಮೂಲೆ, ಸೂಕ್ಷ್ಮವಾದ ಪ್ರೀ-ಆಂಪ್ ಇನ್ನೊಂದು ಮೂಲೆ, ಜಗಳ ಇಲ್ಲ. ಚಿಕ್ಕ ಪೆಟ್ಟಿಗೆಯಲ್ಲಿ ಇಬ್ಬರೂ ಒಂದೇ ರೂಮಿನ ಬಾಡಿಗೆದಾರರು. ಒಬ್ಬ ಗೊರಕೆ ಹೊಡೆದ್ರೆ ಇನ್ನೊಬ್ಬ ಮಲಗೋ ಹಂಗಿಲ್ಲ.

ತಾತ ಕೆಲಸ ಮಾಡ್ತಿದ್ದಿದ್ದು ಈ ಕಡೆಯ ಒಂದು ಕಾರ್ಖಾನೆಯ ವೈಂಡಿಂಗ್ ಸೆಕ್ಷನ್ನಲ್ಲಿ. ಆಗ ಈ ಪೂರ್ವ ಭಾಗ ಪೂರ್ತಿ ಅದೇ ಥರ. ಎಚ್‌ಎಎಲ್ 1940ರದ್ದು, ಕೆ.ಆರ್. ಪುರದ ಕಡೆ ದೂರವಾಣಿನಗರದ ಐಟಿಐ 1948ರದ್ದು, ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಸಹಯೋಗದ ಎನ್‌ಜಿಇಎಫ್ 1956ರದ್ದು. ನೀವು ಮೆಟ್ರೋದಲ್ಲಿ ಸ್ವಾಮಿ ವಿವೇಕಾನಂದ ರಸ್ತೆ ಸ್ಟೇಷನ್ ದಾಟಿ ಬೈಯಪ್ಪನಹಳ್ಳಿಗೆ ಹೋಗ್ತೀರಲ್ಲ, ಆ ಕಡೆಯೆಲ್ಲ ಒಂದು ಕಾಲಕ್ಕೆ ಸೈರನ್ ಕೂಗಿದಾಗ ಸೈಕಲ್ಲುಗಳ ಜಾತ್ರೆ ಅಂತೆ. ಟ್ರಾನ್ಸ್‌ಫಾರ್ಮರ್, ಮೋಟಾರು, ಟೆಲಿಫೋನ್ ಮಾಡೋ ಕೈಗಳು ಹಲಸೂರು, ಮರ್ಫಿ ಟೌನ್‌ನ ವಠಾರಗಳಲ್ಲಿದ್ದವು. ಆಂಪ್ಲಿಫೈಯರ್ ಚರಿತ್ರೆ ಅಂದ್ರೆ ಕಂಪನಿಗಳ ಪಟ್ಟಿ ಅಂತ ಹುಡುಕೋಕೆ ಹೋಗ್ಬೇಡಿ. ಈ ಕೈಗಳು ಸಂಜೆ ಮನೇಲಿ ಏನು ಮಾಡಿದವು ಅನ್ನೋದು ಯಾವ ಪಟ್ಟಿಯಲ್ಲೂ ಇಲ್ಲ.

ತಾತ ಟ್ರಾನ್ಸ್‌ಫಾರ್ಮರನ್ನ ತಾವೇ ಸುತ್ತಿದ್ರು. ಪೆಟ್ಟಿಗೆಯಲ್ಲಿಟ್ಟು ಆನ್ ಮಾಡಿದ್ರೆ ಜೇನುಗೂಡು. ಆಮೇಲೆ ಅವರು ಮಾಡಿದ್ದು ನನಗೆ ಬಹಳ ಇಷ್ಟ ಆಯ್ತು. ಸ್ಕ್ರೂ ಹಾಕದೆ, ಆನ್ ಇರೋವಾಗಲೇ ಟ್ರಾನ್ಸ್‌ಫಾರ್ಮರನ್ನ ಮರದ ಪಟ್ಟಿಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸ್ತಾ ಹೋದ್ರು, ಸ್ಪೀಕರಿಗೆ ಕಿವಿ ಕೊಟ್ಟು. ಒಂದು ಕೋನದಲ್ಲಿ ಸದ್ದು ಸಾಯ್ತು. ಅಲ್ಲೇ ಪೆನ್ಸಿಲ್ ಗೆರೆ, ಅಲ್ಲೇ ತೂತು. ಅದಕ್ಕೇ ನಮ್ಮ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಓರೆಯಾಗಿ ಕೂತಿದೆ. ನಾನು ಚಿಕ್ಕವಳಿದ್ದಾಗ ಸರಿಯಾಗಿ ಫಿಟ್ ಮಾಡೋಕೆ ಬಂದಿಲ್ಲ ಅಂದ್ಕೊಂಡಿದ್ದೆ. (ಮೂರನೇ ಫೋಟೋ.)

ಇನ್ನೊಂದು ಸಂಗತಿ ಅರ್ಥ್ ವೈರುಗಳದ್ದು. ಎಲ್ಲವೂ ಒಂದೇ ಒಂದು ಬೋಲ್ಟಿಗೆ ಬಂದು ಸೇರ್ತವೆ. ದಾರಿಯಲ್ಲಿ ಸಿಕ್ಕಿದ ಕಡೆಯೆಲ್ಲ ಸೇರಿಸಿದ್ರೆ ದಪ್ಪ ಕರೆಂಟು ಸಣ್ಣ ಸಿಗ್ನಲಿನ ದಾರಿಯಲ್ಲಿ ಓಡಾಡಿ ಗುಂಯ್‌ಗುಡುತ್ತೆ. ಈಗಿನ ಪುಸ್ತಕಗಳಲ್ಲಿ ಇದಕ್ಕೆ ಸ್ಟಾರ್ ಗ್ರೌಂಡ್ ಅಂತ ಹೆಸರು. ತಾತ ಇದನ್ನ "ಎಲ್ಲಾರೂ ದೊಡ್ಡಮನೆಗೇ ಬಂದು ಲೆಕ್ಕ ಕೊಡ್ಬೇಕು" ಅಂತಾರೆ.

6/9

ಈಗ ವಾಟಿನ ಲೆಕ್ಕ. ಇದು ನನ್ನ ಸಬ್ಜೆಕ್ಟು.

9 ವೋಲ್ಟ್ ಸಪ್ಲೈ ಅಂದ್ರೆ ಅಲೆ ಮೇಲಕ್ಕೆ ಹೆಚ್ಚಂದ್ರೆ 4.5, ಕೆಳಕ್ಕೆ 4.5. ಸ್ಪೀಕರ್ 8 ಓಮ್. 4.5ರ ವರ್ಗ 20.25, ಅದನ್ನ 8ರ ಎರಡರಷ್ಟು ಅಂದ್ರೆ 16ರಿಂದ ಭಾಗಿಸಿ: 1.27 ವಾಟ್. ಇದು ಕಾಗದದ ಮೇಲಿನ ಗರಿಷ್ಠ. ಟ್ರಾನ್ಸಿಸ್ಟರ್ ತಿನ್ನೋದು ಕಳೆದ್ರೆ ಒಂದು ವಾಟ್. ಒಂದೇ ವಾಟಾ ಅಂತ ನಗಬೇಡಿ. ಸಾಧಾರಣ ಮನೆ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 85ರಿಂದ 90 ಡೆಸಿಬೆಲ್ ಕೊಡುತ್ತೆ. ನಾವಿಬ್ಬರು ಕೂತು ಮಾತಾಡೋದು 60ರ ಆಸುಪಾಸು. ಇನ್ನೊಂದು ಗುಟ್ಟು: ಕಿವಿಗೆ ಎರಡರಷ್ಟು ಜೋರು ಅನಿಸಬೇಕಂದ್ರೆ ವಾಟ್ ಹತ್ತರಷ್ಟು ಬೇಕು. ಹಂಗಾಗಿ ಒಂದು ವಾಟಿನದಕ್ಕೂ ಹತ್ತು ವಾಟಿನದಕ್ಕೂ ವ್ಯತ್ಯಾಸ ಹತ್ತು ಪಟ್ಟಲ್ಲ, ಎರಡು ಪಟ್ಟು ಅಷ್ಟೇ.

ಎಸ್‌ಪಿ ರೋಡಿಗೆ ಬನ್ನಿ. ಸಾದರ ಪತ್ರಪ್ಪ ರಸ್ತೆ. ಇಲ್ಲಿ ಟ್ರಾನ್ಸಿಸ್ಟರ್ ಜೋಡಿಗಳ ಕಾಲ ಮುಗಿಸಿದ್ದು ಒಂದು ಜಿರಳೆಯಂಥ ಕಪ್ಪು ಐಸಿ. ಜಪಾನಿನ ಸಾನ್ಯೋ ಕಂಪನಿಯ ಎಲ್‌ಎ4440. ಹದಿನಾಲ್ಕು ಕಾಲು, ಸುತ್ತ ಒಂದಷ್ಟು ಕೆಪಾಸಿಟರ್, ಹಿಂದೊಂದು ಅಲ್ಯೂಮಿನಿಯಂ ತಗಡು, ಮುಗೀತು ಸ್ಟಿರಿಯೋ. ಕಾರ್ ಸ್ಟಿರಿಯೋಗೆ ಅಂತಲೇ ಮಾಡಿದ್ದು, ಹಂಗಾಗಿ ಬ್ಯಾಟರಿಯ ವೋಲ್ಟೇಜಿಗೆ ಹೇಳಿ ಮಾಡಿಸಿದಂಗೆ. ನಮ್ಮೂರ ಆಟೋಗಳಿಗೆ ಇನ್ನೇನು ಬೇಕು? 1980ರ 'ಆಟೋ ರಾಜ' ಆದ್ಮೇಲೆ ಶಂಕರ್‌ನಾಗ್ ಸ್ಟಿಕ್ಕರ್ ಹಿಂದೆ, ಸ್ಪೀಕರ್ ಸೀಟಿನ ಹಿಂದೆ, ಸೀಟಿನ ಕೆಳಗೆಲ್ಲೋ ಒಂದು 4440. ಇವತ್ತಿಗೂ ಅಂಗಡಿಯಲ್ಲಿ 'ಫಾರ್ಟಿಫೋರ್ ಫಾರ್ಟಿ ಬೋರ್ಡ್' ಅಂದ್ರೆ ಸಾಕು.

ಸಾನ್ಯೋ ಹೇಳೋದು 13.2 ವೋಲ್ಟಿಗೆ, 4 ಓಮ್ ಸ್ಪೀಕರಿಗೆ, ಚಾನೆಲ್‌ಗೆ 6 ವಾಟ್. ನಮ್ಮ ಲೆಕ್ಕ ಹಾಕಿ: 6.6ರ ವರ್ಗ 43.56, ಭಾಗಿಸು 8, ಬಂದಿದ್ದು 5.45. ಅರೆ, ಸಪ್ಲೈ ಕೊಡೋದಕ್ಕಿಂತ ಜಾಸ್ತಿ ಎಲ್ಲಿಂದ ಬಂತು? ಡೇಟಾಶೀಟಲ್ಲೇ ಉತ್ತರ ಇದೆ: ಆ 6 ವಾಟ್ 10 ಪರ್ಸೆಂಟ್ ಡಿಸ್ಟಾರ್ಷನ್ನಿಗೆ. ಅಂದ್ರೆ ಅಲೆಯ ತಲೆ ಬೋಳಿಸಿ ಚಪ್ಪಟೆ ಮಾಡಿದಾಗ. ಸುಳ್ಳಲ್ಲ, ಆದ್ರೆ ಫುಟ್‌ನೋಟ್ ಓದದೆ ಬ್ಯಾಲೆನ್ಸ್ ಶೀಟ್ ನಂಬಿದ ಹಂಗೆ.

ಸಾನ್ಯೋ ಕನಿಷ್ಠ ಫುಟ್‌ನೋಟ್ ಕೊಟ್ಟಿದೆ. ಕ್ಯಾಸೆಟ್ ಕಾಲದ ಅಂಗಡಿ ಡಬ್ಬಗಳ ಮೇಲೆ 'ಪಿಎಂಪಿಒ 1000 ವಾಟ್' ಅಂತ ಬಂಗಾರದ ಸ್ಟಿಕ್ಕರ್ ಇರ್ತಿತ್ತು. ಒಳಗೆ 12 ವೋಲ್ಟ್, 2 ಆಂಪಿಯರ್ ಟ್ರಾನ್ಸ್‌ಫಾರ್ಮರ್. ಗುಣಿಸಿ, 24 ವಾಟ್. ಒಳಗೆ ಬರೋದೇ 24, ಹೊರಗೆ ಹೋಗೋದು 1000! ಇಂಥ ಲೆಕ್ಕ ತಂದ್ರೆ ನಮ್ಮ ಆಡಿಟಿಂಗ್ ಮೇಡಮ್ ಪೇಪರನ್ನ ಕಿಟಕಿಯಿಂದ ಆಚೆ ಎಸೀತಾರೆ.

7/9

ಹೊಸ ಕಾಲ. ಚಿಕ್ಕದಾಗಿ ಹೇಳ್ತೀನಿ, ಇದರ ಬಗ್ಗೆ ವಿಡಿಯೋಗಳು ಬೇಕಾದಷ್ಟಿವೆ.

ಕ್ಲಾಸ್ ಡಿ ಅನ್ನೋದರಲ್ಲಿ ಟ್ರಾನ್ಸಿಸ್ಟರ್ ಅರ್ಧಂಬರ್ಧ ತೆರೆದಿರೋ ಪ್ರಶ್ನೆಯೇ ಇಲ್ಲ. ನಲ್ಲಿ ಪೂರ್ತಿ ಬಿಡೋದು, ಪೂರ್ತಿ ಮುಚ್ಚೋದು, ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಎಷ್ಟು ಹೊತ್ತು ಬಿಟ್ಟಿತ್ತು ಅನ್ನೋ ಸರಾಸರಿಯೇ ಸಂಗೀತ. ಕೊನೆಗೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಆ ಸ್ವಿಚ್ಚಿನ ಗಲಾಟೆಯನ್ನ ಸೋಸುತ್ತೆ. ಅರ್ಧ ತೆರೆದಾಗಲೇ ಶಕ್ತಿ ಬಿಸಿಯಾಗಿ ಹೋಗೋದು, ಅದಿಲ್ಲ ಅಂದ್ಮೇಲೆ ದೊಡ್ಡ ಹೀಟ್‌ಸಿಂಕೂ ಬೇಡ. 1964ರಲ್ಲೇ ಇಂಗ್ಲೆಂಡಿನ ಸಿಂಕ್ಲೇರ್ ಎಕ್ಸ್-10 ಅಂತ ಕಿಟ್ ಮಾರಿದ್ರು. ಹತ್ತು ವಾಟ್ ಅಂತ ಜಾಹೀರಾತು, ಅಷ್ಟು ಬರ್ಲಿಲ್ಲ, ಪಕ್ಕದ ರೇಡಿಯೋ ಗೊರಗೊರ ಅಂತು. ಐಡಿಯಾ ಸರಿಯಿತ್ತು, ಅಷ್ಟು ಫಾಸ್ಟಾದ ಸ್ವಿಚ್ ಆಗ ಇರಲಿಲ್ಲ.

ಈಗ ಎಸ್‌ಪಿ ರೋಡಲ್ಲಿ ಅಂಗೈಯಗಲದ ಬೋರ್ಡ್ ಸಿಗುತ್ತೆ, ಮೇಲೆ ಟಿಪಿಎ3116 ಚಿಪ್. 21 ವೋಲ್ಟಿಗೆ, 4 ಓಮ್‌ಗೆ, ಚಾನೆಲ್‌ಗೆ 50 ವಾಟ್ (ಇಲ್ಲೂ ಅದೇ 10 ಪರ್ಸೆಂಟ್ ಫುಟ್‌ನೋಟ್ ಇದೆ, ಮರೀಬೇಡಿ). ಚಿಪ್ಪು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ದು. ಆ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು, ಸ್ಯಾಟಲೈಟ್ ಡಿಶ್ಶನ್ನ ಎತ್ತಿನ ಗಾಡಿಯಲ್ಲಿ ತರಿಸಿಕೊಂಡಿದ್ದು ನಮ್ಮೂರ ಐಟಿ ಪುರಾಣದ ಮೊದಲ ಕಥೆ. ಈಗ ಅವರ ಆಫೀಸು ಸಿ.ವಿ. ರಾಮನ್ ನಗರದಲ್ಲಿ, ನಮ್ಮನೆಯಿಂದ ಆಟೋದಲ್ಲಿ ಹೋಗೋ ದೂರ.

ನನ್ನ ಕ್ಲಾಸ್‌ಮೇಟ್ ಒಬ್ಬ ಹೇಳಿದ: ಗುಡ್ಡೆ ಹಾಕಿರೋ ಹಳೇದನ್ನೆಲ್ಲ ತೆಗೆದು ಈ ಬೋರ್ಡ್ ಕೂರಿಸು, ಹಳೇ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕು, ಬ್ಲೂಟೂತ್ ಕೊಡು, ಹೊರಗೆ ತಾತನ ಪೆಟ್ಟಿಗೆ, ಒಳಗೆ 50 ವಾಟ್, ರೀಲ್ ಸಖತ್ತಾಗಿರುತ್ತೆ. ಅಳತೆಯಲ್ಲಿ ಅವನು ಹೇಳಿದ್ದು ಸರಿ. ಡಿಸ್ಟಾರ್ಷನ್ ಕಡಿಮೆ, ಬಿಸಿ ಕಡಿಮೆ, ಕರೆಂಟ್ ಬಿಲ್ ಕಡಿಮೆ. ಹಳೇದೇ ಚೆಂದ, ಅದರ 'ಬೆಚ್ಚನೆಯ' ದನಿಯೇ ದನಿ ಅನ್ನೋ ಮಾತು ನಾನು ಹೇಳಲ್ಲ. ನಮ್ಮ ಪೆಟ್ಟಿಗೆಯಲ್ಲಿ ಹಾಡಿನ ಹಿಂದೆ ಸಣ್ಣಗೆ ಸುಯ್ ಅಂತ ಇದ್ದೇ ಇದೆ. ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿದೆ. ಆ ಹೂವಿನ ದಾರ ಕತ್ತರಿಸಬೇಕಲ್ಲ ಅನ್ನೋದೇ ಅಡ್ಡ ಬಂತು.

8/9

ಹಾಗಾದ್ರೆ ಪೆಟ್ಟಿಗೆಗೆ ಏನಾಗಿತ್ತು? ಬಲಗಡೆ ಸರಿ ಇತ್ತು. ಎಡಗಡೆ ಸತ್ತಿರಲಿಲ್ಲ, ತೆಳ್ಳಗಾಗಿತ್ತು. ಫೋನ್ ಸ್ಪೀಕರಲ್ಲಿ ಹಾಡು ಕೇಳ್ದಂಗೆ. ಮೃದಂಗದ ಬಲಭಾಗ ಕೇಳುತ್ತೆ, ತೊಪ್ಪಿಯ ಕಡೆ ಮಾಯ.

ಮೊದಲು ಸ್ಪೀಕರ್ ವೈರ್ ಅದಲುಬದಲು ಮಾಡಿದೆ. ತೆಳು ಸೌಂಡ್ ಇನ್ನೊಂದು ಸ್ಪೀಕರಿಗೆ ಹೋಯ್ತು, ಅಂದ್ರೆ ಸ್ಪೀಕರಿನ ತಪ್ಪಲ್ಲ. ಆಮೇಲೆ ಇನ್‌ಪುಟ್ ಅದಲುಬದಲು. ತಪ್ಪು ಅಲ್ಲೇ ಕೂತಿತ್ತು. ಅಂದ್ರೆ ಪೆಟ್ಟಿಗೆಯ ಎಡ ಚಾನೆಲ್ಲೇ.

ತಾತನ್ನ ಕೇಳಿದೆ. "ಕೊನೇ ಬಾಗಿಲು ನೋಡು" ಅಂದ್ರು. 9 ವೋಲ್ಟಿನ ಒಂದೇ ಸಪ್ಲೈ ಇರೋ ಇಂಥ ಸರ್ಕ್ಯೂಟಲ್ಲಿ ಟ್ರಾನ್ಸಿಸ್ಟರ್ ಜೋಡಿಯ ನಡುವೆ ಸದಾ 4.5 ವೋಲ್ಟ್ ನಿಂತಿರುತ್ತೆ. ಅದು ನೇರ ಸ್ಪೀಕರಿಗೆ ಹೋದ್ರೆ ಕೋನ್ ಒಂದೇ ಕಡೆ ತಳ್ಕೊಂಡು ಕಾಯಿಲ್ ಸುಡುತ್ತೆ. ಅದನ್ನ ತಡೆದು ಸಂಗೀತವನ್ನ ಮಾತ್ರ ಬಿಡೋಕೆ ಮಧ್ಯೆ ಒಂದು ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಮೇಲೆ 1000 ಮೈಕ್ರೋಫ್ಯಾರಡ್ ಅಂತ ಬರೆದಿದೆ. ಒಳಗಿನ ದ್ರವ ವರ್ಷ ಕಳೆದಂಗೆ ಒಣಗುತ್ತೆ. ಮೀಟರ್ ಇಟ್ಟೆ. ಬಲದ್ದು 700ರ ಹತ್ತಿರ. ಎಡದ್ದು 60.

ಈ ಕೆಪಾಸಿಟರ್ ಎಷ್ಟು ಕೆಳಗಿನ ಸ್ವರದ ತನಕ ಬಿಡುತ್ತೆ ಅನ್ನೋದಕ್ಕೆ ಸೂತ್ರ ಇದೆ. 8 ಓಮ್ ಸ್ಪೀಕರಿಗೆ 1000 ಮೈಕ್ರೋಫ್ಯಾರಡ್ ಇದ್ರೆ 20 ಹರ್ಟ್ಜ್ ತನಕ, ಅಂದ್ರೆ ಮನುಷ್ಯನ ಕಿವಿಯ ಕೆಳಗಿನ ಗಡಿ ತನಕ. 700 ಇದ್ರೆ 28. 60ಕ್ಕೆ ಬಂದ್ರೆ 330 ಹರ್ಟ್ಜ್. ಅದಕ್ಕಿಂತ ಕೆಳಗಿನದೆಲ್ಲ ಇಳಿಯುತ್ತಾ ಹೋಗುತ್ತೆ. ಗಂಡಸರ ಮಾತಿನ ಮೂಲ ಸ್ವರ ಇರೋದೇ 100ರ ಆಸುಪಾಸು. ತೊಪ್ಪಿ ಮಾಯ ಆಗಿದ್ದು ಇದಕ್ಕೇ. ಸೌಂಡ್ ಕ್ವಾಲಿಟಿ ಅಂತ ಜನ ಮಂತ್ರದ ಥರ ಮಾತಾಡ್ತಾರಲ್ಲ, ಎಷ್ಟೋ ಸಲ ಅದು ಒಣಗಿದ ಒಂದು ಡಬ್ಬಿ.

ಎಸ್‌ಪಿ ರೋಡಿಗೆ ಹೋದೆ. ಅಂಗಡಿ ಅಣ್ಣ "ಪ್ರಾಜೆಕ್ಟಾ ಮೇಡಮ್? ಯಾವ ಕಾಲೇಜು, ಬಿಇ-ನಾ?" ಅಂದ್ರು. ಬಿಕಾಂ ಅಂದೆ. ಒಂದು ಕ್ಷಣ ನೋಡಿ, ಏನೂ ಕೇಳದೆ, ಎರಡು ಕೆಪಾಸಿಟರ್ ಕಾಗದದಲ್ಲಿ ಸುತ್ತಿ ಕೊಟ್ರು. ಒಂದಕ್ಕೆ 12 ರೂಪಾಯಿ. ಹಳೇದು ಹೆಬ್ಬೆರಳಿನಷ್ಟು, ಹೊಸದು ಅದರಲ್ಲಿ ಅರ್ಧ, ಆದ್ರೂ ಜಾಸ್ತಿ ವೋಲ್ಟ್ ತಡೆಯುತ್ತೆ. ಎರಡೂ ಕಡೆ ಬದಲಾಯಿಸಿದೆ, ಒಂದನ್ನೇ ಬದಲಾಯಿಸಿದ್ರೆ ಎಡಬಲ ಒಂದೇ ಥರ ಇರಲ್ಲ. (ನೀವು ಮಾಡೋದಾದ್ರೆ ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಪ್ಲಸ್ ಗುರುತು ಟ್ರಾನ್ಸಿಸ್ಟರ್ ಕಡೆಗೆ. ಉಲ್ಟಾ ಹಾಕಿದ್ರೆ ಡಬ್ ಅನ್ನುತ್ತೆ.)

9/9

ಇಷ್ಟರ ತನಕ ಒಂದು ವಿಷಯ ಹೇಳಿರಲಿಲ್ಲ. ತಾತನಿಗೆ ಎಡಗಿವಿ ಕೇಳಲ್ಲ. ಹತ್ತು ವರ್ಷದ ಹಿಂದೆ ಸೋಂಕಾಗಿ ಹೋಯ್ತು. ಪೆಟ್ಟಿಗೆ ಅಟ್ಟ ಸೇರಿದ್ದೂ ಆಗಲೇ. ಎಡ ಚಾನೆಲ್ ಯಾವಾಗ ತೆಳ್ಳಗಾಯ್ತು ಅಂತ ಮನೇಲಿ ಯಾರಿಗೂ ಗೊತ್ತಿಲ್ಲದಿದ್ದಕ್ಕೂ ಅದೇ ಕಾರಣ ಇರಬಹುದು.

ಭಾನುವಾರ ಮಧ್ಯಾಹ್ನ ಹಾಲಲ್ಲಿ ಜೋಡಿಸಿದೆ. ಫೋನಿಂದ ಒಂದು ವೈರ್ ಹಾಕಿ ವೀಣೆ ಮೃದಂಗ ಇರೋ ಕಚೇರಿ ಹಚ್ಚಿದೆ. ಅಮ್ಮ ಸಾರಿಗೆ ಒಗ್ಗರಣೆ ಹಾಕ್ತಿದ್ದೋರು ಗ್ಯಾಸ್ ಆಫ್ ಮಾಡಿ ಬಂದು ಬಾಗಿಲಲ್ಲಿ ನಿಂತ್ರು. ವೀಣೆ ಸ್ವಲ್ಪ ಬಲಕ್ಕೆ, ಮೃದಂಗ ಎಡಕ್ಕೆ, ಮಧ್ಯೆ ಟಿವಿ ಸ್ಟ್ಯಾಂಡಿನ ಮೇಲೆ ಯಾರೋ ಕೂತು ತಂಬೂರಿ ಮೀಟ್ತಿದ್ದಂಗೆ. ಒಂದು ವಾಟಲ್ಲಿ. ಪಕ್ಕದ ಮನೆಯವರಿಗೂ ಕೇಳಿಸ್ತಿತ್ತು.

ತಾತ ಎರಡು ಸ್ಪೀಕರ್ ಮಧ್ಯೆ ಚೇರ್ ಹಾಕ್ಕೊಂಡು ಕೂತಿದ್ರು. ಅವರಿಗೆ ಎಡ ಬಲ ಎಲ್ಲ ಒಂದೇ ಅಂತ ನನಗೆ ಗೊತ್ತು. ಕೇಳೋಕೂ ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎದ್ದು ಬಂದು ಎಡ ಸ್ಪೀಕರಿನ ಮುಂದೆ ಬಗ್ಗಿ ಅಂಗೈಯನ್ನ ಕೋನಿಗೆ ಸೋಕಿಸಿ ಹಿಡಿದ್ರು. ತನಿ ಆವರ್ತನ ನಡೀತಿತ್ತು. ತೊಪ್ಪಿಗೆ ಪೆಟ್ಟು ಬಿದ್ದಾಗೆಲ್ಲ ಬೆರಳು ಸಣ್ಣಗೆ ಅಲುಗ್ತಿತ್ತು.

"ಹ್ಞಾಂ, ಹೊಡೀತಿದೆ" ಅಂದ್ರು.

ಅಮ್ಮ ಪೆಟ್ಟಿಗೆಯ ಜಾಗ ಅಳೆಯೋಕೆ ಟೇಪ್ ತಂದ್ರು. ಪೇಂಟಿಂಗಾದ್ಮೇಲೆ ಶೋಕೇಸಲ್ಲಿ ಸ್ಟೀಲ್ ಲೋಟಗಳ ಪಕ್ಕ ಇಡ್ತಾರಂತೆ. ಗಾಳಿ ಆಡೋ ಹಂಗೆ ಹಿಂದೆ ನಾಲ್ಕು ಇಂಚು ಬಿಡಿ ಅಂತ ನಾನು ಹೇಳ್ತಿದ್ದೆ. ಅಷ್ಟರಲ್ಲಿ ತಾತ ವಾಲ್ಯೂಮ್ ನಾಬನ್ನ ಎರಡು ಸಲ ಹಿಂದೆಮುಂದೆ ತಿರುಗಿಸಿ, ಬಲಗಿವಿ ಹತ್ತಿರ ತಂದ್ರು.

"ಪುಟ್ಟಿ, ಇದು ಕರಕರ ಅಂತಿದೆ. ನಾಳೆ ಬಿಚ್ಚಿ ನೋಡು."

#ಮರ್ಫಿಟೌನ್ #ಹಲಸೂರು #ಎಸ್‌ಪಿರೋಡ್ #ಬೆಂಗಳೂರುಚರಿತ್ರೆ #ತಾತನಪೆಟ್ಟಿಗೆ